ಕಾರ್ಡ್ ಕೊಳ್ಳುವ ಮುನ್ನ ಪ್ಲೇಯರಿನ ಬೆನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿ, ಎಂದಾದರೂ ಕಂಪ್ಯೂಟರಿಗೆ ಇಳಿಸಬೇಕು ಎಂದುಕೊಂಡವರಿಗಾಗಿ ಈ ಹೊತ್ತಿನ ಮಾತು. ಎಲ್ಲರೂ ನನ್ನನ್ನು ಕೇಳುವುದು ಒಂದೇ: ಯಾವ ಕ್ಯಾಪ್ಚರ್ ಕಾರ್ಡ್ ಕೊಳ್ಳಲಿ? ಪ್ಲೇಯರಿನಿಂದ ಬರುವ ಚಿತ್ರವನ್ನು ಕಂಪ್ಯೂಟರಿಗೆ ಸೇರಿಸುವ ಸಾಧನವೇ ಈ ಕಾರ್ಡ್. ದಯವಿಟ್ಟು ಆ ಪ್ರಶ್ನೆಯನ್ನು ಬದಿಗಿಡಿ. ಮೊದಲು ನಿಮ್ಮ ಪ್ಲೇಯರನ್ನು ತಿರುಗಿಸಿ, ಅದರ ಬೆನ್ನು ನೋಡಿ.

ಅಲ್ಲಿ ಆಂಟೆನಾದ ಕಿಂಡಿ ಇದ್ದರೆ ಅದನ್ನು ಮುಟ್ಟಬೇಡಿ. ಅದು ಚಿತ್ರ, ಧ್ವನಿ ಎರಡನ್ನೂ ಒಂದೇ ಚಾನೆಲ್ಲಿಗೆ ಹೆಣೆದು ಕಳಿಸುತ್ತದೆ. ಕಾರ್ಡಿನ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಭಾಗ, ಅದನ್ನು ಮತ್ತೆ ಬಿಡಿಸಬೇಕು. ಅಷ್ಟರಲ್ಲಿ ಚಿತ್ರ ಮಂಕಾಗಿರುತ್ತದೆ. ಹಳದಿ ಬಣ್ಣದ ಕಾಂಪೊಸಿಟ್ ಕಿಂಡಿ ಅದಕ್ಕಿಂತ ಮೇಲು. ನಾಲ್ಕು ಪಿನ್ನುಗಳ ದುಂಡನೆಯ ಎಸ್-ವಿಡಿಯೊ ಇದ್ದರೆ ಇನ್ನೂ ಮೇಲು, ಅದರಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ಪ್ಲೇಯರಿನಲ್ಲಿ ಯಾವುದಿದೆಯೋ ಅದೇ ಕಿಂಡಿ ಇರುವ ಕಾರ್ಡ್ ಕೊಳ್ಳಿ. ಒಳಗೆ ಬಾರದ ಚಿತ್ರವನ್ನು ಯಾವ ಕಾರ್ಡೂ ಹುಟ್ಟಿಸಿಕೊಡುವುದಿಲ್ಲ.

ಸ್ನೇಹಿತರೊಬ್ಬರ ಬಳಿ ಅವರ ತಾಯಿ ಹಾಡಿದ ಒಂದು ಗಂಟೆಯ ಕ್ಯಾಸೆಟ್ ಇತ್ತು. ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಇವರು ಇಳಿಸಿದರು. ಆರಂಭದಲ್ಲಿ ಎಲ್ಲ ಸರಿ, ಕೊನೆಯ ಹಾಡಿನ ಹೊತ್ತಿಗೆ ತಾಯಿ ಬಾಯಿ ಮುಚ್ಚಿದ್ದಾರೆ, ಸಾಲು ಇನ್ನೂ ಕೇಳುತ್ತಿದೆ! ಕಾರ್ಡ್ ಕೆಟ್ಟದ್ದೆಂದು ಇನ್ನೊಂದು ತಂದರು. ಆಮೇಲೆ ಮತ್ತೊಂದು. ಮೂರನೆಯದೂ ಹಾಗೇ ಆದಾಗ ನನ್ನನ್ನು ಕರೆದರು. ನಾನು ಟೇಪು ಹಾಕಿಸಿ ಚಿತ್ರವನ್ನೇ ನೋಡುತ್ತ ಕುಳಿತೆ. ಮೇಲಿನ ಅಂಚಿನ ನಾಲ್ಕಾರು ಗೆರೆಗಳು ಗಾಳಿಗೆ ಸಿಕ್ಕ ಬಟ್ಟೆಯಂತೆ ಬಾಗುತ್ತಿದ್ದವು. ಟಿವಿ ಇದನ್ನು ಸಹಿಸಿಕೊಳ್ಳುತ್ತದೆ, ಕಾರ್ಡ್ ಸಹಿಸುವುದಿಲ್ಲ. ಗೆರೆಗಳ ಸಮಯ ತಪ್ಪಿದ ಕಡೆ ಅದು ಫ್ರೇಮನ್ನೇ ಬಿಟ್ಟುಬಿಡುತ್ತದೆ. ನಮ್ಮ ಕ್ಯಾಸೆಟ್ಟುಗಳ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ 25 ಬಿಡಿ ಚಿತ್ರಗಳು. 50 ಫ್ರೇಮು ಬಿಟ್ಟುಹೋದರೆ ಎರಡು ಸೆಕೆಂಡಿನ ಚಿತ್ರ ಹೋಯಿತು, ಧ್ವನಿ ಮಾತ್ರ ಪೂರ್ತಿ ಉಳಿಯಿತು. ಸಾಲದ್ದಕ್ಕೆ ಅವರು ಧ್ವನಿಯನ್ನು ಬೇರೆಯಾಗಿ ಸೌಂಡ್ ಕಾರ್ಡಿಗೆ ಕೊಟ್ಟಿದ್ದರು. ಎರಡು ಸಾಧನ, ಒಂದಕ್ಕೊಂದು ಕೂಡದ ಎರಡು ಗಡಿಯಾರ! ಟೈಮ್ ಬೇಸ್ ಕರೆಕ್ಟರ್ ಇರುವ, ಅಂದರೆ ಗೆರೆಗಳನ್ನು ಹೊಂದಿಸಿ ಹೊರಗೆ ಕಳಿಸುವ, ಬೇರೊಂದು ಪ್ಲೇಯರ್ ತರಿಸಿ, ಚಿತ್ರವನ್ನೂ ಧ್ವನಿಯನ್ನೂ ಒಂದೇ ಕಾರ್ಡಿಗೆ ಕೊಟ್ಟೆವು. ಬಿಟ್ಟುಹೋದ ಫ್ರೇಮುಗಳ ಲೆಕ್ಕ ಕೊನೆಯವರೆಗೂ ಸೊನ್ನೆ. ಬಳಸಿದ್ದು, ಅವರು ಎಸೆಯಲೆಂದು ಎತ್ತಿಟ್ಟಿದ್ದ ಮೊದಲನೆಯ ಕಾರ್ಡನ್ನು. ಕೊನೆಯ ಹಾಡಿನಲ್ಲಿ ತಾಯಿಯ ತುಟಿಯೂ ದನಿಯೂ ಒಟ್ಟಿಗೆ ನಿಂತಾಗ ಅವರು ಎದ್ದು ಹೊರಗೆ ಹೋದರು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರಸಾರ ಹಿಡಿಯುವ ಟ್ಯೂನರ್ ಬೇಕಾದವರಿಗೂ ಮಾತು ಅದೇ: ಬರುವ ತಂತಿಯನ್ನು ಮೊದಲು ನೋಡಿ. ಡಿವಿಬಿ ಎಂಬ ಡಿಜಿಟಲ್ ಟಿವಿ ಪ್ರಸಾರದ ಪದ್ಧತಿಯಲ್ಲಿ ಆಂಟೆನಾಗೆ ಡಿವಿಬಿ-ಟಿ, ಕೇಬಲ್ಲಿಗೆ ಡಿವಿಬಿ-ಸಿ, ಡಿಶ್ಶಿಗೆ ಡಿವಿಬಿ-ಎಸ್. ಒಂದಕ್ಕೆಂದು ಮಾಡಿದ್ದು ಇನ್ನೊಂದನ್ನು ಹಿಡಿಯುವುದಿಲ್ಲ. ಮತ್ತೆ ಕ್ಯಾಸೆಟ್ಟಿನ ಮಾತಿಗೆ ಬಂದರೆ, ಪಾಲ್ ಕ್ಯಾಸೆಟ್ಟನ್ನು 720 x 576 ಚುಕ್ಕೆಗಳ ಅಳತೆಯಲ್ಲೇ ಇಳಿಸಿ. ಬೀಸುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಗಾಬರಿ ಬೇಡ, ಅದು ಇಂಟರ್‌ಲೇಸ್, ಅಂದರೆ ಒಂದು ಫ್ರೇಮಿನ ಬೆಸ ಗೆರೆಗಳನ್ನೂ ಸಮ ಗೆರೆಗಳನ್ನೂ ಎರಡು ಸಲಕ್ಕೆ ತೆಗೆದದ್ದು, ಆಮೇಲೆ ಸರಿಪಡಿಸಬಹುದು. ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 13 ಗಿಗಾಬೈಟ್ ಬೇಕು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಒಂದು ಫೈಲು 4 ಗಿಗಾಬೈಟ್ ದಾಟುವುದಿಲ್ಲ, ಅಂಥದ್ದನ್ನು ಬಳಸಬೇಡಿ.

ಇನ್ನು ಕ್ಯಾಸೆಟ್ಟನ್ನು ಪ್ಲೇಯರಿಗೆ ತೂರಿಸುವ ಮುನ್ನ ಅದರ ಅಂಚನ್ನು ಬೆರಳಿನಿಂದ ಸವರಿ. ಅಲ್ಲಿ ಪುಟ್ಟ ಪ್ಲಾಸ್ಟಿಕ್ ಪಟ್ಟಿಯೊಂದು ಸಿಕ್ಕರೆ ಈಗಲೇ ಮುರಿದು ತೆಗೆಯಿರಿ. ಅದು ಇರುವವರೆಗೂ ರೆಕಾರ್ಡ್ ಗುಂಡಿಯನ್ನು ತಪ್ಪಿ ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ. ನಮಸ್ಕಾರ.