ಬದುವಿನ ಆಚೆ, ಈಚೆ: ಜಮೀನು, ನೆರೆಯವರು ಮತ್ತು ಕಾನೂನು

ಅಧ್ಯಕ್ಷರೇ, ಸಂಘದ ಸದಸ್ಯರೇ, ಅಕ್ಕ ತಂಗಿಯರೇ,

ಅಡಿಕೆ ಕೊಯ್ಲಿನ ನಡುವೆಯೂ ಇಷ್ಟು ಜನ ಬಂದಿದ್ದೀರಿ. ಯಾಕೆ ಬಂದಿದ್ದೀರಿ ಅಂತ ನನಗೆ ಗೊತ್ತು. ಬದುವಿನ ಜಗಳ ಇಲ್ಲದ ಊರನ್ನು ಈ ಹೋಬಳಿಯಲ್ಲಿ ಹುಡುಕಬೇಕು. ಅರ್ಧ ಗುಂಟೆಗೆ ಅಣ್ಣ ತಮ್ಮ ಮಾತು ಬಿಟ್ಟ ಮನೆಗಳು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಇವತ್ತು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ನೆರೆಯವರ ಜೊತೆ ಚೆನ್ನಾಗಿರುವಾಗಲೇ ಬರೆಸಿಕೊಳ್ಳಿ.

ಮೊದಲು ಪಹಣಿ. ನಮ್ಮಲ್ಲಿ ಎಲ್ಲರೂ ಪಹಣಿಯಲ್ಲಿ ಹೆಸರಿದ್ದರೆ ಜಮೀನು ನಮ್ಮದು ಅಂದುಕೊಳ್ಳುತ್ತೇವೆ. ಪಹಣಿ, ಖಾತೆ ಎಲ್ಲ ಕಂದಾಯದ ದಾಖಲೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಏನು ಹೇಳುತ್ತದೆ? ಪಹಣಿಯಲ್ಲಿ ಬರೆದದ್ದನ್ನು ನಿಜ ಅಂತ ಇಟ್ಟುಕೊಳ್ಳಬೇಕು, ಆದರೆ ಬೇರೆ ರೀತಿ ಸಾಬೀತಾಗುವ ತನಕ ಮಾತ್ರ. ಮಾಲೀಕತ್ವ ಬರುವುದು ಕ್ರಯಪತ್ರದಿಂದ, ಪಾಲಿನಿಂದ, ದಾನದಿಂದ, ಉಯಿಲಿನಿಂದ, ವಾರಸುದಾರಿಕೆಯಿಂದ, ಸರ್ಕಾರದ ಮಂಜೂರಾತಿಯಿಂದ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ದೊಡ್ಡಣ್ಣನ ಹೆಸರಿಗೆ ಆಯಿತು ಅನ್ನಿ. ತಂಗಿಯರ ಪಾಲು ಅದರಿಂದ ಹೋಗುವುದಿಲ್ಲ. ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಅಕ್ಕಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ಕೊಳ್ಳುವಾಗಲೂ ಹಾಗೇ. 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಜಮೀನು ಕೊಳ್ಳುವುದಾದರೆ ನೋಂದಾಯಿತ ಕ್ರಯಪತ್ರ ಆಗಲೇಬೇಕು. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಮಾತು. ಕ್ರಯದ ಕರಾರು ಕೈಯಲ್ಲಿದ್ದರೆ ಜಮೀನು ಬಂದ ಹಾಗಲ್ಲ. ಜಿಪಿಎ, ಅಂದರೆ ಬರೀ ಅಧಿಕಾರ ಪತ್ರ, ಬರೆಸಿಕೊಂಡು ಸೈಟು ತಗೊಂಡವರು ಎಷ್ಟು ಜನ! ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಡ್ಡಿ ಮುರಿದ ಹಾಗೆ ಹೇಳಿದೆ. ಇನ್ನೊಂದು ವಿಷಯ. ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಎಲ್ಲಿಂದ ಬಂದೀತು? ಸಬ್ ರಿಜಿಸ್ಟ್ರಾರ್ ಸೀಲು ಬಿದ್ದರೂ ಬರುವುದಿಲ್ಲ.

ಈಗ ನೆರೆಯವರ ವಿಷಯ. ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ನಡೆಸಿದ ಒಂದು ದಾವೆ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೆ ಕೇಳಿ.

ಒಂದು ಅಡಿಕೆ ತೋಟ. ಅಜ್ಜನ ಕಾಲದಲ್ಲಿ ಒಂದೇ ಇತ್ತು. ಇಬ್ಬರು ಗಂಡುಮಕ್ಕಳು ಪಾಲು ಮಾಡಿಕೊಂಡರು. ಅಣ್ಣನಿಗೆ ರಸ್ತೆ ಕಡೆಯ ಭಾಗ, ತಮ್ಮನಿಗೆ ಹಿಂದಿನ ಭಾಗ. ಹಿಂದೆ ಹಳ್ಳ, ಒಂದು ಪಕ್ಕ ಕಡಿದಾದ ಧರೆ, ಇನ್ನೊಂದು ಪಕ್ಕ ಬೇರೆಯವರ ಗದ್ದೆ. ತಮ್ಮನ ಗಾಡಿ ಅಣ್ಣನ ತೋಟದ ಅಂಚಿನಲ್ಲೇ ಓಡಾಡುತ್ತಿತ್ತು. ಆಮೇಲೆ ಅಣ್ಣನ ಮಕ್ಕಳು ಆ ಭಾಗವನ್ನು ಹೊರಗಿನವರಿಗೆ ಮಾರಿದರು. ಕೊಂಡವರೂ ಒಳ್ಳೆಯವರೇ. ತಮ್ಮನ ಮನೆಯವರು ಪ್ರತಿ ವರ್ಷ ಅಡಿಕೆ ಕೊಯ್ಲಿಗೆ ಮೊದಲು ಒಂದು ಬಾಳೆಗೊನೆ ಹೊತ್ತುಕೊಂಡು ಹೋಗಿ, 'ಅಣ್ಣಾ, ಗಾಡಿ ಹೊಡೆದುಕೊಂಡು ಹೋಗ್ಲಾ?' ಎಂದು ಕೇಳುತ್ತಿದ್ದರು. 'ಅಯ್ಯೋ, ಹೋಗಪ್ಪ, ಕೇಳೋದೇನಿದೆ' ಅನ್ನುತ್ತಿದ್ದರು ಅವರು. 30 ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ಯಾರೂ ಒಂದು ಸಾಲು ಬರೆಯಲಿಲ್ಲ.

ಹಿರಿಯರು ಹೋದರು. ಕೊಂಡವರ ಮಗ ಬಂದ, ಗೇಟು ಹಾಕಿಸಿದ, ಬೀಗ ಜಡಿದ. ದಾವೆ ಬಿತ್ತು.

1882ರಲ್ಲೇ ಬಂದ ಈಸ್‌ಮೆಂಟ್ ಕಾಯ್ದೆ, ಅಂದರೆ ಬೇರೆಯವರ ಜಮೀನಿನ ಮೇಲಿನ ದಾರಿ, ನೀರಿನಂಥ ಬಳಕೆಯ ಹಕ್ಕಿನ ಕಾಯ್ದೆಯ ಪ್ರಕಾರ, 20 ವರ್ಷ ಶಾಂತಿಯಿಂದ, ಎಲ್ಲರ ಕಣ್ಣೆದುರು, ತಡೆಯಿಲ್ಲದೆ, ತನ್ನ ಹಕ್ಕು ಎಂಬಂತೆ ಓಡಾಡಿದರೆ ದಾರಿಯ ಹಕ್ಕು ಹುಟ್ಟುತ್ತದೆ. ನಮಗೆ 30 ವರ್ಷ ಇದೆಯಲ್ಲ, ಗೆದ್ದೆವು ಅಂತ ನಾನು ಖುಷಿಯಲ್ಲಿದ್ದೆ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಒಂದೇ ಪ್ರಶ್ನೆ ಹಾಕಿದರು: 'ಕೇಳಿಕೊಂಡು ಹೋಗುತ್ತಿದ್ದಿರಾ?' ನಮ್ಮ ಕಕ್ಷಿದಾರರು ಎದೆ ಉಬ್ಬಿಸಿ ಹೇಳಿದರು: 'ಹೌದು ಸ್ವಾಮಿ, ಕೇಳದೆ ಒಂದು ದಿನವೂ ಕಾಲಿಟ್ಟವರಲ್ಲ ನಾವು.' ನಮ್ಮ ಸೀನಿಯರ್ ಕಣ್ಣು ಮುಚ್ಚಿಕೊಂಡರು. ಕೇಳಿ ಹೋದರೆ ಅದು ಅನುಮತಿ. ಅನುಮತಿ ಎಷ್ಟು ವರ್ಷ ನಡೆದರೂ ಹಕ್ಕಾಗುವುದಿಲ್ಲ. ಆ ಮರ್ಯಾದಸ್ಥರ ಬಾಳೆಗೊನೆಯೇ ಅವರ ವಿರುದ್ಧ ಸಾಕ್ಷಿ ಹೇಳಿತು!

ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಮರ್ಯಾದೆಯಿಂದ ನಡೆದುಕೊಂಡವರಿಗೆ ಹಕ್ಕಿಲ್ಲ, ಕೇಳದೆ ನುಗ್ಗಿದವರಿಗೆ ಇದೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. 'ಹೋಗಪ್ಪ' ಅಂದ ಒಳ್ಳೆಯ ಮನುಷ್ಯನಿಗೆ ಅದೇ ತಪ್ಪಾಗಿ ಜಮೀನಿಗೆ ಹೊರೆ ಬೀಳಬೇಕಾ? ಹಾಗಾದರೆ ಮುಂದೆ ಯಾರೂ ಯಾರನ್ನೂ ಬಿಡುವುದಿಲ್ಲ. ಇಬ್ಬರಿಗೂ ಅನ್ಯಾಯ ಆಗದೆ ಇರಲು ಇರುವ ದಾರಿ ಒಂದೇ. ಆ ಹಿರಿಯರಿಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದ ಕಾಲದಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಇಷ್ಟು ಅಡಿ ಅಗಲದ ದಾರಿ, ಇಂಥ ಕಡೆ, ಎಂದು ಪತ್ರ ಮಾಡಿಸಿದ್ದರೆ ಮುಗಿದುಹೋಗುತ್ತಿತ್ತು.

ದಾವೆ ಏನಾಯಿತು ಅಂತೀರಾ? ಅಜ್ಜಿಯ ಟ್ರಂಕಿನಲ್ಲಿ ಹಳೇ ಪಾಲುಪಟ್ಟಿ ಸಿಕ್ಕಿತು. ಗೆದ್ದಲು ಒಂದು ಮೂಲೆ ತಿಂದಿತ್ತು, ಆದರೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಉಳಿದಿತ್ತು. ದಾರಿಯ ಮಾತು ಅದರಲ್ಲಿ ಇರಲಿಲ್ಲ. ಆದರೆ ಎರಡೂ ತುಂಡು ಮೊದಲು ಒಂದೇ ಜಮೀನು ಅನ್ನುವುದು ಇತ್ತು. ಅದೇ ಕಾಯ್ದೆಯ 13ನೇ ಸೆಕ್ಷನ್ ಕೈಹಿಡಿಯಿತು: ಪಾಲಾದಾಗ ಒಬ್ಬನ ಪಾಲಿಗೆ ಇನ್ನೊಬ್ಬನ ಪಾಲಿನ ಮೇಲೆ ಹೋಗದೆ ಬೇರೆ ದಾರಿಯೇ ಇಲ್ಲದಿದ್ದರೆ ಅವನಿಗೆ ದಾರಿ ಸಿಗುತ್ತದೆ. ಹಳ್ಳ, ಧರೆ, ಬೇರೆಯವರ ಗದ್ದೆ, ಎಲ್ಲ ಕೋರ್ಟ್ ನೇಮಿಸಿದ ಕಮಿಷನರ್ ಬಂದು ನೋಡಿ ವರದಿ ಕೊಟ್ಟರು. ದಾರಿ ಸಿಕ್ಕಿತು. ಸುತ್ತು ಬಳಸಿನ ಇನ್ನೊಂದು ದಾರಿ ಇದ್ದಿದ್ದರೂ ಸಿಗುತ್ತಿರಲಿಲ್ಲ. ನಿಮ್ಮ ಮನೆಯ ಪಾಲುಪಟ್ಟಿ ಎಲ್ಲಿದೆ, ಇವತ್ತು ರಾತ್ರಿಯೇ ಹುಡುಕಿ.

ದಾರಿಗೆ ಯಾರಾದರೂ ಅಡ್ಡ ಹಾಕಿದರೆ ಪಂಚಾಯಿತಿ, ರಾಜಿ ಅಂತ ವರ್ಷಗಟ್ಟಲೆ ಸುಮ್ನೆ ಕೂರಬೇಡಿ. 20 ವರ್ಷದ ಲೆಕ್ಕ ದಾವೆ ಹಾಕುವ ಮುಂಚಿನ 2 ವರ್ಷದೊಳಗೆ ಬಂದು ಮುಗಿದಿರಬೇಕು. ಬಹಳ ಜನ ಇಲ್ಲಿ ಸೋಲುತ್ತಾರೆ.

ಇನ್ನು ಒತ್ತುವರಿ. ಎಲ್ಲರೂ ಕಾಯುತ್ತಿದ್ದ ವಿಷಯ, ಅಲ್ವಾ? 12 ವರ್ಷ ಸ್ವಾಧೀನದಲ್ಲಿದ್ದರೆ ನಮ್ಮದೇ ಅಂತ ಸಂತೆಯಲ್ಲೂ ಹೇಳುತ್ತಾರೆ. ಅಷ್ಟು ಸಲೀಸಲ್ಲ. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷ ಇರುವುದು ನಿಜ, ಸರ್ಕಾರದ ಜಮೀನಿಗೆ 30. ಆದರೆ ಮಾಲೀಕನಿಗೆ ಗೊತ್ತಾಗುವ ಹಾಗೆ, ಅವನ ಹಕ್ಕನ್ನು ಅಲ್ಲಗಳೆದು, ಬಿಡದೆ ಅನುಭವಿಸಿರಬೇಕು. ಗೇಣಿಗೆ ಕೊಟ್ಟಿದ್ದು, ನೋಡಿಕೊಳ್ಳಲು ಬಿಟ್ಟಿದ್ದು ಲೆಕ್ಕಕ್ಕಿಲ್ಲ. ಅಣ್ಣ ಒಬ್ಬನೇ ಉತ್ತರೂ ಅದು ಎಲ್ಲರ ಪರವಾಗಿ ಉತ್ತ ಹಾಗೆ. ತನ್ನದೇ ಅಂದುಕೊಂಡು ತಪ್ಪಿ ಉತ್ತಿದ್ದರೂ ಸಾಲದು, ಮಾಲೀಕನ ವಿರುದ್ಧ ನಿಲ್ಲುವ ಮನಸ್ಸೇ ಇರಬೇಕು ಎಂದು 2007ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2008ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಈ ಕಾನೂನನ್ನೇ ಮತ್ತೊಮ್ಮೆ ಯೋಚಿಸಿ ಎಂದು ಸರ್ಕಾರಕ್ಕೆ ಸೂಚಿಸಿತು. 2023ರಲ್ಲಿ ಕಾನೂನು ಆಯೋಗ ಬದಲಾವಣೆ ಬೇಡ ಅಂದಿತು. ನಾನು ಒಪ್ಪುವುದಿಲ್ಲ. ದುಡಿಯಲು ಊರು ಬಿಟ್ಟು ಬೆಂಗಳೂರಿಗೆ ಹೋದ ಬಡವನ ಎರಡು ಗುಂಟೆ ಈ ಹೆಸರಿನಲ್ಲಿ ಹೋಗುವುದನ್ನು ಕಂಡಿದ್ದೇನೆ.

ಆದ್ದರಿಂದ ಅನುಮಾನ ಬಂದ ಕೂಡಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಭೂಮಾಪಕರು ಬಂದಾಗ ನೆರೆಯವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಕಲ್ಲು ಹಾಕಿಸಿ, ಇಬ್ಬರೂ ಸಹಿ ಮಾಡಿ. ಚೆನ್ನಾಗಿರುವಾಗಲೇ!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ನೀರು ಮತ್ತು ಮರ ಉಳಿದಿವೆ, ಬೇಗ ಹೇಳುತ್ತೇನೆ. ಮೇಲಿನ ಜಮೀನಿನ ಮಳೆ ನೀರು ತನ್ನಷ್ಟಕ್ಕೆ ಹರಿದು ಬಂದರೆ ಕೆಳಗಿನವರು ತಡೆಯುವ ಹಾಗಿಲ್ಲ. ಮೇಲಿನವರು ಚರಂಡಿ ತೋಡಿ ಒಂದೇ ಕಡೆ ನುಗ್ಗಿಸಿದರೆ ಅದು ಬೇರೆ ಮಾತು, ಕೇಳಬಹುದು. ಪಕ್ಕದವರ ಮಾವಿನ ಕೊಂಬೆ ನಿಮ್ಮ ಕಡೆ ಚಾಚಿದ್ದರೆ ಗಡಿಯ ತನಕ ಸವರಬಹುದು. ಬೇಲಿ ದಾಟಿ ಬುಡಕ್ಕೆ ಕೈ ಹಾಕಬೇಡಿ.

ಪೋಡಿ, ಅಂದರೆ ಸರ್ವೆ ನಂಬರನ್ನು ಅಳೆದು ಬೇರೆ ಮಾಡಿಸುವ ವಿಷಯ ಹೇಳಲು ಆಗಲಿಲ್ಲ. ಊಟದ ನಂತರ ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ. ಪಹಣಿ, ಕ್ರಯಪತ್ರ, ಪಾಲುಪಟ್ಟಿ ತಂದವರು ತೋರಿಸಿ. ಜಗಳ ಆಗಿರುವ ನೆರೆಯವರೂ ಇಲ್ಲೇ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.