ಎಷ್ಟು ಇಷ್ಟ? ಇಷ್ಟು ಇಷ್ಟ!

ಈಗ ನಿಮ್ಮ ಸ್ಕ್ರೀನ್ ಮೇಲೆ ಕಾಣ್ತಿರೋದು ನನ್ನ ಮಗಳ ಮೊಣಕಾಲು. ಫೋಕಸ್ ತಪ್ಪಿಲ್ಲ, ಬೇಕಂತಲೇ ಅದನ್ನ ತೋರಿಸ್ತಿದೀನಿ. ಅಂದುಕೊಂಡಿದ್ದ ಶಾಟ್ ನಂಗೆ ಸಿಗಲೇ ಇಲ್ಲ.

ಅಂದುಕೊಂಡಿದ್ದೇನು ಅಂದ್ರೆ, 4 ವರ್ಷದ ಮಗಳನ್ನ ಕಿಟಕಿ ಬೆಳಕಲ್ಲಿ ಕೂರಿಸಿ "ಅಪ್ಪಂಗೆ ನೀನಂದ್ರೆ ಇಷ್ಟ ಅಂತ ನಿಂಗೆ ಹೇಗೆ ಗೊತ್ತು?" ಅಂತ ಕೇಳೋದು. ಅವಳು ಮುದ್ದಾಗಿ ಏನೋ ಹೇಳೋದು. ಹಿಂದೆ ಸಣ್ಣಗೆ ಪಿಯಾನೋ. ನೀವೆಲ್ಲ ಕಣ್ಣೊರೆಸ್ಕೊಳ್ಳೋದು. ಕೇಳ್ದೆ. ಅವಳು ಮೊಣಕಾಲಿನ ಗಾಯದ ಹಕ್ಕಳೆ ಕೆರೀತಾ ಕೂತಿದ್ಲು. ಇನ್ನೊಂದ್ಸಲ ಕೇಳ್ದೆ. "ಇದು ಯಾವಾಗ ಉದುರುತ್ತೆ?" ಅಂದ್ಲು. ಮೂರನೇ ಸಲ ಕೇಳಿದಾಗ ತಲೆ ಕೂಡ ಎತ್ತದೆ, "ನೀನು ಬಾಗಿಲು ಸ್ವಲ್ಪ ತೆಗ್ದಿಡ್ತೀಯಲ್ಲ" ಅಂದು, ಕುರ್ಚಿಯಿಂದ ಹಾರಿ ಓಡಿಹೋದ್ಲು.

ರಾತ್ರಿ ಮಲಗಿಸಿದ ಮೇಲೆ ಅವಳ ಕೋಣೆ ಬಾಗಿಲನ್ನ ನಾನು ಪೂರ್ತಿ ಹಾಕಲ್ಲ. ಒಂದು ಗೇಣು ಬಿಟ್ಟಿರ್ತೀನಿ, ಅಷ್ಟೇ. ಅದೂ ಒಂದು ಕೆಲಸ ಅಂತ ನಂಗೆ ಯಾವತ್ತೂ ಅನ್ನಿಸಿರಲಿಲ್ಲ. ನನ್ನ ತಲೆಯಲ್ಲಿದ್ದ ಲೆಕ್ಕದ ಪುಸ್ತಕದಲ್ಲಿ ನಿದ್ದೆಗೆಟ್ಟ ರಾತ್ರಿಗಳಿದ್ವು, ರದ್ದು ಮಾಡಿದ ಪ್ರವಾಸಗಳಿದ್ವು, ಜ್ವರ ಬಂದಾಗ ಎತ್ತಿಕೊಂಡು ಓಡಾಡಿದ್ದು ಇತ್ತು. ಬಾಗಿಲು ಇರಲಿಲ್ಲ.

ಆ ವಿಡಿಯೋ ಅಲ್ಲಿಗೆ ಬಿಟ್ಟೆ. ಆಮೇಲೆ ಮೂರು ವಾರ ಫೋನನ್ನ ಮನೆಯೊಳಗೆ ನೆಲದ ಮಟ್ಟದಲ್ಲಿ ಅಲ್ಲಲ್ಲಿ ಇಟ್ಟು, ಸಿಕ್ಕಿದ್ದನ್ನ ರೆಕಾರ್ಡ್ ಮಾಡ್ದೆ. ಬಹುಪಾಲು ಕ್ಲಿಪ್‌ಗಳಲ್ಲಿ ಕಾಲುಗಳೇ ಇವೆ, ಕ್ಷಮಿಸಿ.

ಇದು ಮೊದಲ ವಾರದ್ದು. ಗಮನಿಸಿ, ಅವಳು "ಪ್ರೀತಿ" ಅನ್ನೋ ಪದವನ್ನ ಒಂದ್ಸಲನೂ ಬಳಸಲ್ಲ. ಪ್ರೀತಿ, ಮಮತೆ, ಅಕ್ಕರೆ, ವಾತ್ಸಲ್ಯ, ಇವೆಲ್ಲ ದೊಡ್ಡೋರ ಪದಗಳು. ಅವಳ ಹತ್ರ ಇರೋದು "ಇಷ್ಟ". ಅದಕ್ಕೂ ಅಳತೆ ಬೇಕು. ಎಷ್ಟು ಇಷ್ಟ? ಎರಡೂ ಕೈ ಹಿಂದಕ್ಕೆ ಮುರಿದುಹೋಗೋ ಹಾಗೆ ಚಾಚಿ, ಇಷ್ಟು ಇಷ್ಟ! ನಮ್ಮ ಭಾಷೆಯಲ್ಲಿ ಆ ಎರಡು ಪದಗಳ ಮಧ್ಯೆ ಒಂದು ಉಕಾರದ ವ್ಯತ್ಯಾಸ ಇದೆ. ಮಕ್ಕಳಿಗೆ ಅದೂ ಇಲ್ಲ ಅನ್ಸುತ್ತೆ. ಇಷ್ಟ ಅಂದ್ಮೇಲೆ ಅದು ಇಷ್ಟು ಅಂತ ಕಣ್ಣಿಗೆ ಕಾಣಬೇಕು.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅನ್ನೋ ಮನಶ್ಶಾಸ್ತ್ರಜ್ಞರ ನೀರಿನ ಲೋಟದ ಪ್ರಯೋಗ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಒಂದೇ ಥರದ ಎರಡು ಲೋಟ, ಸಮಸಮ ನೀರು. ಮಗುವಿನ ಕಣ್ಣೆದುರೇ ಒಂದರ ನೀರನ್ನ ಸಪೂರವಾದ ಉದ್ದ ಲೋಟಕ್ಕೆ ಸುರಿದು, ಈಗ ಯಾವುದರಲ್ಲಿ ಜಾಸ್ತಿ ಅಂತ ಕೇಳಿದ್ರೆ, 4-5 ವರ್ಷದ ಮಕ್ಕಳು ಸಾಮಾನ್ಯವಾಗಿ ಉದ್ದದ್ದನ್ನೇ ತೋರಿಸ್ತಾರೆ. ಸುಮಾರು 7ರ ಹೊತ್ತಿಗೆ, "ಅದೇ ನೀರಲ್ವಾ" ಅನ್ನೋ ಬುದ್ಧಿ ಬರುತ್ತೆ.

ಈ ಕ್ಲಿಪ್ಪಲ್ಲಿ ಉದ್ದ ಲೋಟ ಯಾವುದು ಗೊತ್ತಾ? ನನ್ನ ತೊಡೆ ಮೇಲೆ ಕೂತಿರೋ ಅವಳ ತಮ್ಮ. ಒಂದೂವರೆ ವರ್ಷ. ಅವಳು ಎದುರು ನಿಂತು ಲೆಕ್ಕ ಹಾಕ್ತಿದ್ದಾಳೆ. ನಾನೋ, ಮಹಾ ಬುದ್ಧಿವಂತ, "ನೀವಿಬ್ರೂ ನಂಗೆ ಎರಡು ಕಣ್ಣಿದ್ದ ಹಾಗೆ ಪುಟ್ಟಾ" ಅಂತೀನಿ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೇಳ್ತಾಳೆ: "ನಾನು ಯಾವ ಕಣ್ಣು?"

ಉತ್ತರ ಇರಲಿಲ್ಲ. ಇದ್ದಿದ್ದು ಒಂದೇ ಉಪಾಯ. ತಮ್ಮನನ್ನ ಕೆಳಗಿಳಿಸಿ ಅವಳನ್ನ ಹತ್ತಿಸ್ಕೊಂಡೆ. ಹತ್ತು ನಿಮಿಷ ಇಬ್ಬರೂ ಸುಮ್ನೆ ಕೂತಿದ್ವಿ. ನೀರನ್ನ ಮತ್ತೆ ಹಳೇ ಲೋಟಕ್ಕೆ ಸುರಿದು ತೋರಿಸಿದ ಹಾಗಾಯ್ತು. ಪ್ರೀತಿ ಹಂಚಿದ್ರೆ ಕಮ್ಮಿ ಆಗಲ್ಲ ಅಂತ ಹೇಳಿ ಒಪ್ಪಿಸೋಕೆ ನೋಡ್ತೀವಲ್ಲ ನಾವು, ತೊಡೆ ಹಂಚಿದ್ರೆ ಕಮ್ಮಿ ಆಗೋದಂತೂ ನಿಜ ತಾನೇ? ಅವಳ ಲೆಕ್ಕದಲ್ಲಿ ತಪ್ಪೇನಿಲ್ಲ.

ಈಗ ಸ್ವಲ್ಪ ಅಸಹ್ಯದ ಭಾಗ. ತಿಂತಾ ಕೂತಿದ್ರೆ ಪ್ಲೇಟ್ ಪಕ್ಕಕ್ಕಿಡಿ.

ಮಗ ಬಿಸ್ಕತ್ತು ಚೀಪಿದಾನೆ, ಚೀಪಿ ಚೀಪಿ ಅದು ಹಿಟ್ಟಾಗಿದೆ. ಅದನ್ನ ನನ್ನ ಬಾಯಿಗೆ ತುರುಕ್ತಿದಾನೆ. ನನ್ನ ಮುಖ ನೋಡಿ. ನಮಗೆ "ಎಂಜಲು" ಅಂದ್ರೆ ದೂರ ಇಡೋ ಪದ. ಆದ್ರೆ 2022ರಲ್ಲಿ ಆಶ್ಲಿ ಥಾಮಸ್, ರೆಬೆಕಾ ಸ್ಯಾಕ್ಸ್, ಎಲಿಜಬೆತ್ ಸ್ಪೆಲ್ಕಿ ಮೊದಲಾದ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಇದರ ಬಗ್ಗೆನೇ ಒಂದು ಅಧ್ಯಯನ ಪ್ರಕಟಿಸಿದ್ರು. ಓದಿದ್ಮೇಲೆ ಆ ಬಿಸ್ಕತ್ತನ್ನ ನೋಡೋ ದೃಷ್ಟಿನೇ ಬದಲಾಯ್ತು.

ಅವರು ಮಾಡಿದ್ದು ಹೀಗೆ. ಹಸುಗೂಸುಗಳಿಗೂ ಪುಟ್ಟ ಮಕ್ಕಳಿಗೂ ವಿಡಿಯೋ ತೋರಿಸಿದ್ರು. ಒಬ್ಬಳು ಹೆಂಗಸು ಒಂದು ಬೊಂಬೆ ಜೊತೆ ಒಂದೇ ಕಿತ್ತಳೆ ತೊಳೆಯನ್ನ ಕಚ್ಚಿ ಹಂಚ್ಕೋತಾಳೆ, ಅಂದ್ರೆ ಎಂಜಲು ಹಂಚ್ಕೋತಾಳೆ. ಇನ್ನೊಬ್ಬಳು ಅದೇ ಬೊಂಬೆ ಜೊತೆ ಚೆಂಡಾಡ್ತಾಳೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ನಗ್ತಿದಾರೆ. ಆಮೇಲೆ ಬೊಂಬೆ ಇಬ್ಬರ ಮಧ್ಯೆ ಕೂತು ಅಳೋಕೆ ಶುರು ಮಾಡುತ್ತೆ. ಆಗ ಮಕ್ಕಳ ಕಣ್ಣು ಎಂಜಲು ಹಂಚ್ಕೊಂಡವಳ ಕಡೆ ಹೋಯ್ತು. ಈಗ ಇವಳು ತಾನೇ ಎದ್ದು ಬರಬೇಕು ಅನ್ನೋ ಹಾಗೆ. ಅವರಲ್ಲಿ ಚಿಕ್ಕವು ಇನ್ನೂ ವರ್ಷ ತುಂಬದ ಕೂಸುಗಳು. ನಡೆಯೋಕೆ ಬರಲ್ಲ, ಅಮ್ಮ ಅನ್ನೋಕೂ ಸರಿಯಾಗಿ ಬರಲ್ಲ. ಯಾರ ಎಂಜಲು ಯಾರಿಗೆ ಅಸಹ್ಯ ಆಗಲ್ವೋ ಅವರು ಒಬ್ಬರಿಗೊಬ್ಬರು ಆಗ್ತಾರೆ ಅನ್ನೋದು ಮಾತ್ರ ಗೊತ್ತು.

ಯೋಚನೆ ಮಾಡಿ ನೋಡಿ. ಮಗುವಿನ ದಿನದಲ್ಲಿ ಇದೇ ತಾನೇ ತುಂಬಿರೋದು? ಮೂಗು ಒರೆಸೋರು ಯಾರು, ಜೊಲ್ಲು ಒರೆಸೋರು ಯಾರು, ತಾನು ಉಗುಳಿದ್ದನ್ನ ಅಂಗೈಲಿ ಹಿಡಿಯೋರು ಯಾರು, ಬೆರಳು ಒದ್ದೆ ಮಾಡಿ ಕೆನ್ನೆ ಮೇಲಿನ ಕಲೆ ತಿಕ್ಕೋರು ಯಾರು. ಮನೆಗೆ ಬಂದು ಹೋಗೋ ಎಷ್ಟೋ ಜನ ನನ್ನ ಮಗನ್ನ ಮುದ್ದು ಮಾಡ್ತಾರೆ. ಅವನ ಮೂಗು ಸೋರೋಕೆ ಶುರುವಾದ ತಕ್ಷಣ "ತಗೋಳಪ್ಪಾ" ಅಂತ ನನ್ನ ಕೈಗೆ ದಾಟಿಸ್ತಾರೆ. ಅವನು ಅದನ್ನೆಲ್ಲ ನೋಡ್ತಾನೇ ಇರ್ತಾನೆ.

ಹೌದು, ಬಿಸ್ಕತ್ತು ತಿಂದೆ. ಆ ಭಾಗ ಕಟ್ ಮಾಡಿದೀನಿ.

ಕೊಡೋ ವಿಷಯ ಬಂತಲ್ಲ, ಇನ್ನೊಂದು ಪ್ರಯೋಗ ಹೇಳಿ ಮುಂದೆ ಹೋಗ್ತೀನಿ. 1997ರದ್ದು, ಬೆಟ್ಟಿ ರೆಪಕೋಲಿ ಮತ್ತು ಅಲಿಸನ್ ಗೋಪ್ನಿಕ್ ಮಾಡಿದ್ದು. ಮಗುವಿನ ಮುಂದೆ ಎರಡು ಬಟ್ಟಲು, ಒಂದರಲ್ಲಿ ಹಸಿ ಬ್ರೊಕೊಲಿ, ಒಂದರಲ್ಲಿ ಬಿಸ್ಕತ್ತು. ಎದುರು ಕೂತವರು ಬ್ರೊಕೊಲಿ ತಿಂದು ಆಹಾ ಅಂತಾರೆ, ಬಿಸ್ಕತ್ತಿಗೆ ಮುಖ ಹಿಂಡ್ತಾರೆ. ಆಮೇಲೆ "ನಂಗೊಂಚೂರು ಕೊಡು" ಅಂತ ಕೈ ಚಾಚ್ತಾರೆ. 14 ತಿಂಗಳ ಮಕ್ಕಳು ತಮಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ವು. 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ವು. ನಾಲ್ಕೇ ತಿಂಗಳು! ನಂಗೆ ಬೇಕಾದ್ದು ಬೇರೆ, ಅವರಿಗೆ ಬೇಕಾದ್ದು ಬೇರೆ ಅನ್ನೋದು ಆ ಸಣ್ಣ ತಲೆಗೆ ಹೊಳೆದಿರುತ್ತೆ. ಮದುವೆಯಾಗಿ ಇಷ್ಟು ವರ್ಷ ಆದ್ರೂ ಉಡುಗೊರೆ ಕೊಡುವಾಗ ನಾನಿನ್ನೂ 14 ತಿಂಗಳಲ್ಲೇ ಇದೀನಿ ಅಂತ ನನ್ನ ಹೆಂಡ್ತಿ ಹೇಳ್ತಾಳೆ.

ಹೊಳೆದಿದ್ದು ಯಾವಾಗಲೂ ಹಾಗೇ ಉಳಿಯಲ್ಲ ಅನ್ನಿ. ನಂಗೆ ಜ್ವರ ಬಂದಿದ್ದ ದಿನದ ಕ್ಲಿಪ್ ಇದು. ಮಗಳು ತನ್ನ ಬಟ್ಟೆ ಆನೆ ತಂದು, ಕಿವಿ ಹರಿದಿದೆಯಲ್ಲ ಅದೇ, ನನ್ನ ಕಂಕುಳಲ್ಲಿ ಇಟ್ಟು ಹೋದ್ಲು. ಅರ್ಧ ಗಂಟೆ ಕಳೆದು ಕತ್ತಲಲ್ಲಿ ವಾಪಸ್ ಬಂದ್ಲು. "ಅಪ್ಪಾ, ಜ್ವರ ಹೋಯ್ತಾ? ಆನೆಗೆ ನಿದ್ದೆ ಬರ್ತಿಲ್ವಂತೆ."

ಇನ್ನೊಂದು ವಿಷಯ, ಇದನ್ನ ಹೇಳಲೇಬೇಕು. ಡೇಕೇರಿಗೆ ಮಕ್ಕಳನ್ನ ಕಳಿಸೋ ಎಲ್ಲರಿಗೂ ಗೊತ್ತಿರೋ ನೋವು. ಸಂಜೆ ಕರ್ಕೊಂಡು ಬರೋಕೆ ಹೋಗ್ತೀರ. "ಇಷ್ಟೊತ್ತೂ ಚೆನ್ನಾಗಿ ಆಡ್ತಿದ್ದ, ನಿಮ್ಮನ್ನ ನೋಡಿದ್ದೇ ಅಳೋಕೆ ಶುರು" ಅಂತಾರೆ. ಅದನ್ನ ಕೇಳಿ ಎಷ್ಟೋ ದಿನ ನಾನು ಕುಗ್ಗಿಹೋಗಿದೀನಿ. ನಾನು ಬಂದಿದ್ದೇ ಅವನಿಗೆ ದುಃಖವಾ?

ಮೇರಿ ಐನ್ಸ್‌ವರ್ತ್ ಅನ್ನೋ ವಿಜ್ಞಾನಿ ಮೊದಲು ಉಗಾಂಡದಲ್ಲಿ ತಾಯಿ-ಮಕ್ಕಳನ್ನ ಮನೆಮನೆಗೆ ಹೋಗಿ ನೋಡಿದವರು, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಕೆಲಸ ಮುಂದುವರಿಸಿದವರು. ಅವರ ಪ್ರಸಿದ್ಧ ಪ್ರಯೋಗದಲ್ಲಿ ಸುಮಾರು ಒಂದು ವರ್ಷದ ಮಗುವನ್ನ ಹೊಸ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಾಯಿ ಆಚೆ ಹೋಗ್ತಾರೆ, ಮತ್ತೆ ಬರ್ತಾರೆ. ಹೋಗುವಾಗ ಎಷ್ಟು ಅತ್ತಿತು ಅನ್ನೋದಕ್ಕಿಂತ, ಬಂದಾಗ ಏನು ಮಾಡಿತು ಅನ್ನೋದನ್ನ ಅವರು ಹೆಚ್ಚು ಗಮನಿಸಿದ್ರು. ಹತ್ರ ಬರುತ್ತಾ, ತೋಳಿಗೆ ಒರಗುತ್ತಾ, ಸಮಾಧಾನ ಆಗಿ ಮತ್ತೆ ಆಟಕ್ಕೆ ಹೋಗುತ್ತಾ? ಹಾಗೆ ನೋಡಿದ್ರೆ ನನ್ನ ಮಗ ಮಾಡ್ತಿರೋದು ನಂಗೆ ಅರ್ಥ ಆಗುತ್ತೆ. ಇಡೀ ದಿನ ಮೂಟೆ ಕಟ್ಟಿ ಇಟ್ಟಿದ್ದನ್ನ ಬಿಚ್ಚೋ ಜಾಗ ಸಿಕ್ತು, ಬಿಚ್ಚಿದ. ನಾವೂ ಹಾಗೇ ಅಲ್ವಾ, ಆಫೀಸಲ್ಲಿ ನಕ್ಕು ಮನೆಗೆ ಬಂದು ಸಿಡಿಮಿಡಿ ಅಂತೀವಿ.

ಇದರ ಅಕ್ಕನ ಆವೃತ್ತಿ "ಟೂ". "ನಿನ್ನ ಜೊತೆ ಟೂ, ನೀನು ನಂಗೆ ಬೇಡ, ನಾನು ಬೇರೆ ಅಪ್ಪನ್ನ ತರ್ತೀನಿ." ಟಿವಿ ಆರಿಸಿದ್ದಕ್ಕೆ. ಒಂದ್ಸಲ, ಸುಸ್ತಾಗಿದ್ದೆ, "ಹೋಗು, ನಂಗೂ ನೀನು ಬೇಡ" ಅಂದುಬಿಟ್ಟೆ. ಅವಳು ಅನ್ನೋದು ಹಗ್ಗ ಎಳೆದು ನೋಡೋ ಹಾಗೆ, ಗಟ್ಟಿ ಇದೆಯಾ ಅಂತ. ನಾನು ಆ ಕಡೆಯ ತುದಿ ಬಿಟ್ಟುಬಿಟ್ಟಿದ್ದೆ. ಅವತ್ತು ರಾತ್ರಿ ಐದು ಸಲ ನೀರು ಕೇಳಿದ್ಲು. ಐದು ಸಲಾನೂ ಒಂದೇ ಗುಟುಕು ಕುಡಿದ್ಲು. ಐದನೇ ಸಲ ನಾನು "ತಪ್ಪಾಯ್ತು ಪುಟ್ಟಾ" ಅಂದೆ. "ಪರ್ವಾಗಿಲ್ಲ, ನಾಳೆನೂ ನೀನೇ ಎಬ್ಬಿಸು" ಅಂದ್ಲು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ ಇದೆ. ಎಡಿಟ್ ಮಾಡೋಕೆ ಕೂತಾಗ ಗೊತ್ತಾಗಿದ್ದು. ನೆಲದ ಮೇಲಿನ ಕ್ಲಿಪ್‌ಗಳ ಜೊತೆಗೆ ನಾನೇ ಕೈಲಿ ಹಿಡಿದು ತೆಗೆದವೂ ಇದ್ವು. ಅವುಗಳಲ್ಲಿ ಮಕ್ಕಳು ಕ್ಯಾಮೆರಾ ನೋಡ್ತಿಲ್ಲ. ಕ್ಯಾಮೆರಾಗಿಂತ ಸ್ವಲ್ಪ ಮೇಲೆ ನೋಡ್ತಿದಾರೆ. ನನ್ನ ಮುಖ ಹುಡುಕ್ತಿದಾರೆ. ನಾನು ಸ್ಕ್ರೀನ್ ನೋಡ್ತಿದೀನಿ.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನೋರು ಒಂದು ಸರಳ ಪ್ರಯೋಗ ಮಾಡಿದ್ರು. ಕೂಸಿನ ಜೊತೆ ಆಡ್ತಿರೋ ತಾಯಿ ಇದ್ದಕ್ಕಿದ್ದ ಹಾಗೆ ಮುಖವನ್ನ ಕಲ್ಲಿನ ಹಾಗೆ ಮಾಡ್ಕೊಂಡು ಕೂರಬೇಕು. ಒಂದೆರಡು ನಿಮಿಷ, ಅಷ್ಟೇ. ಕೂಸು ನಗುತ್ತೆ, ಕೈ ಚಾಚುತ್ತೆ, ಕೂಗುತ್ತೆ, ಕೊನೆಗೆ ಮುಖ ಆ ಕಡೆ ತಿರುಗಿಸುತ್ತೆ. ತಾಯಿ ಎಲ್ಲೂ ಹೋಗಿಲ್ಲ, ಎದುರೇ ಇದಾಳೆ. ಕೂಸಿಗೆ ಅದು ಸಾಲಲ್ಲ. ನಂಗೆ ಸಮಾಧಾನ ಕೊಟ್ಟಿದ್ದು ಅದೇ ಟ್ರಾನಿಕ್ ಹೇಳಿರೋ ಇನ್ನೊಂದು ಮಾತಿನ ಸಾರ: ಎಷ್ಟೇ ಹೊಂದಾಣಿಕೆ ಇರೋ ತಾಯಿ-ಮಗುವಿನ ಮಧ್ಯೆಯೂ ತಾಳ ಆಗಾಗ ತಪ್ಪುತ್ತಾನೇ ಇರುತ್ತೆ, ತಪ್ಪಿದ್ದನ್ನ ಮತ್ತೆ ಕೂಡಿಸ್ಕೊಳ್ತಾ ಇರ್ತಾರೆ.

ಹಾಗಾಗಿ ಈ ವಿಡಿಯೋದಲ್ಲಿ ಇನ್ನು ಮುಂದೆ ಮುಖಗಳಿಲ್ಲ. ಈಗ ಬರ್ತಿರೋದು ಮೂರನೇ ವಾರದ ಕ್ಲಿಪ್. ಫೋನ್ ಆರಿಸೋಕೆ ಮರೆತು ಮೊಗಸಾಲೆ ನೆಲದ ಮೇಲೆ ಬಿಟ್ಟಿದ್ದೆ. ಕತ್ತಲು, ಬಾಗಿಲಿನ ಸಂದಿಯಿಂದ ಬೆಳಕಿನ ಒಂದು ಗೆರೆ. ಸೌಂಡ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ.

"ಅಪ್ಪಾ, ತುಂಬಾ ಹಾಕ್ಬಿಟ್ಟೆ."

"ಸರಿ. ಇಷ್ಟು ಸಾಕಾ?"

"ಇನ್ನೂ ಸ್ವಲ್ಪ."

"ಇಷ್ಟು?"

"ಹ್ಞೂ. ಇಷ್ಟು."