ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಎಂಜಿನ್ ತಕರಾರು

ಕೇಳುಗರಿಗೆ ನಮಸ್ಕಾರ.

ಮಾರುತಿ 800, ಓಮ್ನಿ ಮತ್ತು ಹಳೆಯ ಆಲ್ಟೋ ಕಾರುಗಳ 796 ಸಿ.ಸಿ. ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನೂ, ಸಿಲಿಂಡರಿನ ಬಾಗಿಲುಗಳಾದ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನೂ ಒಂದೇ ಲಯದಲ್ಲಿ ತಿರುಗಿಸುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟ್, ಅದೇ ಟೈಮಿಂಗ್ ಬೆಲ್ಟ್. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತಾದರೂ, ಅದನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ ಓಡಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಹಾಗೆ ಮನೆಯಂಗಳದಲ್ಲಿ ಬೆಲ್ಟ್ ಬದಲಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಆಗದಿದ್ದರೆ, ಅಥವಾ ಸ್ಟಾರ್ಟ್ ಆಗಿಯೂ ಮಿಸ್ ಹೊಡೆಯುತ್ತಿದ್ದರೆ, ದೋಷವನ್ನು ಎಲ್ಲಿ ಹುಡುಕಬೇಕೆಂಬುದು ಇಂದಿನ ವಿಷಯ. ಆಲ್ಟೋ ಕೆ10ನಂಥ ಕಾರುಗಳಲ್ಲಿ ಬೆಲ್ಟಿನ ಬದಲು ಚೈನ್ ಇರುವುದರಿಂದ ಅವುಗಳ ಮಾಲೀಕರಿಗೆ ಈ ಚಿಂತೆಯಿಲ್ಲ.

ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಕಾರು ಬೆಲ್ಟ್ ಬದಲಿಸಿದ ದಿನವೇ ಹಟ ಹಿಡಿಯಿತೆಂದರೆ, ಕಾರ್ಬ್ಯುರೇಟರನ್ನೋ ಪೆಟ್ರೋಲ್ ಪಂಪನ್ನೋ ಬಿಚ್ಚಲು ಹೊರಡುವುದು ವ್ಯರ್ಥ ಶ್ರಮ. ಕೆಲಸದ ವೇಳೆ ಕೈ ಸೋಕಿದ ಜಾಗಗಳನ್ನೇ ಮೊದಲು ಶಂಕಿಸಬೇಕು. ಅದಕ್ಕೂ ಮುಂಚೆ, ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಬೇಕು. ಏಕೆಂದರೆ ಕೆಲವು ಎಂಜಿನ್ನುಗಳಲ್ಲಿ ಲಯ ತಪ್ಪಿದ ವಾಲ್ವು ಮೇಲೇರುವ ಪಿಸ್ಟನ್ನಿಗೆ ಬಡಿದು ಬಾಗುತ್ತದೆ.

ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಹಳೆಯ ಹೋಂಡಾ ಎಂಜಿನ್ನುಗಳಲ್ಲಿ ಹಲವು ಎಡಕ್ಕೆ ತಿರುಗುತ್ತವೆಯಾದ್ದರಿಂದ ದಿಕ್ಕನ್ನು ಊಹಿಸಿಕೊಳ್ಳುವಂತಿಲ್ಲ; ಮಾರುತಿಯದ್ದು ಬಲಕ್ಕೆ. ಪ್ಲಗ್ಗಿಲ್ಲದ ಎಂಜಿನ್ ಸಲೀಸಾಗಿ ತಿರುಗಬೇಕು. ನಡುವೆ ಲೋಹಕ್ಕೆ ಲೋಹ ತಾಗಿದಂತೆ ಗಟ್ಟಿಯಾಗಿ ನಿಂತರೆ ಬಲ ಹಾಕದೆ ಅಲ್ಲಿಗೇ ಬಿಟ್ಟು, ಬೆಲ್ಟನ್ನು ಮತ್ತೆ ಇಳಿಸಬೇಕು.

ಎರಡು ಸುತ್ತಿನ ನಂತರ ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಗುರುತುಗಳು ತಮ್ಮ ಜಾಗದಲ್ಲಿವೆಯೇ ಎಂದು ನೋಡುವಾಗ ಅನೇಕರು ಎಡವುವುದು ಹೊರಗಿನ ಪುಲ್ಲಿಯ ಗುರುತಿನಲ್ಲಿ. ಆ ಗುರುತು ಇರುವುದು ಸ್ಪಾರ್ಕಿನ ಟೈಮಿಂಗ್ ನೋಡುವುದಕ್ಕೆ. ಬೆಲ್ಟಿಗೆ ಬೇಕಾದ ಗುರುತು ಒಳಗಿನ ಹಲ್ಲುಚಕ್ರದ ಮೇಲಿರುತ್ತದೆ. ಇನ್ನು ಕ್ರ್ಯಾಂಕ್ ಗುರುತು ಸರಿಯಾಗಿದ್ದು ಕ್ಯಾಮ್ ಗುರುತು ನೇರ ಕೆಳಗೆ, ಅಂದರೆ 180 ಡಿಗ್ರಿ ಆಚೆ, ಕಂಡರೆ ಗಾಬರಿಪಡಬೇಕಿಲ್ಲ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿದರೆ ಎರಡೂ ಕೂಡಿಕೊಳ್ಳುತ್ತವೆ.

ನಿಜವಾದ ತೊಂದರೆ ಒಂದು ಹಲ್ಲಿನ ವ್ಯತ್ಯಾಸದ್ದು. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲುಗಳಿದ್ದರೆ ಒಂದು ಹಲ್ಲು ಜಾರಿದಾಗ ಲಯ ತಪ್ಪುವುದು 18 ಡಿಗ್ರಿ. ಅಷ್ಟು ತಪ್ಪಿದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಆದರೆ ಐಡ್ಲಿಂಗ್ ಕುಣಿಯುತ್ತದೆ, ಪಿಕಪ್ ಸತ್ತಿರುತ್ತದೆ, ಏರಿನಲ್ಲಿ ಕಾರು ಕುಂಟುತ್ತದೆ. ಇದು ಬಹುಮಟ್ಟಿಗೆ ಆಗುವುದು ಬೆಲ್ಟ್ ಹಾಕುವಾಗ ಸಡಿಲ ಭಾಗ, ಬೆಲ್ಟನ್ನು ಬಿಗಿಹಿಡಿಯುವ ಟೆನ್ಶನರ್ ಇಲ್ಲದ ಬದಿಗೆ ಉಳಿದುಬಿಟ್ಟರೆ: ಗುರುತುಗಳು ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ, ಟೆನ್ಶನರ್ ಬಿಗಿಯಾಗಿ ಕ್ರ್ಯಾಂಕ್ ತಿರುಗಿದೊಡನೆ ಕ್ಯಾಮ್ ಹಿಂದೆ ಬೀಳುತ್ತದೆ. ಎರಡು ಸುತ್ತು ತಿರುಗಿಸದೆ ಕವರ್ ಮುಚ್ಚಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಸುಜುಕಿಯ ಹಳೆಯ ಎಂಜಿನ್ನುಗಳಲ್ಲಿ ಕ್ಯಾಮ್ ಹಗುರವಾಗಿ ತಿರುಗಲೆಂದು, ವಾಲ್ವಿನ ಬಿಡುವನ್ನು ಹೊಂದಿಸುವ ಟ್ಯಾಪೆಟ್ ಸ್ಕ್ರೂಗಳನ್ನು ಸಡಿಲಿಸುವ ರೂಢಿಯಿದೆ. ಹಾಗೆ ಸಡಿಲಿಸಿದವರು ಆ ಬಿಡುವನ್ನು ಅಳೆಯುವ ಫೀಲರ್ ಗೇಜ್ ಹಿಡಿದು ಮತ್ತೆ ಸೆಟ್ ಮಾಡದಿದ್ದರೆ ಟಕಟಕ ಸದ್ದು ಬರುತ್ತದೆ. ಅತಿಯಾಗಿ ಬಿಗಿದರೆ ವಾಲ್ವು ಪೂರ್ತಿ ಮುಚ್ಚದೆ ಎಂಜಿನ್ ಮಿಸ್ ಹೊಡೆಯುತ್ತದೆ. ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಕದಲಿಸಿದ್ದರೆ ಸ್ಪಾರ್ಕಿನ ಟೈಮಿಂಗ್ ಮತ್ತೆ ನೋಡಬೇಕು, ಪ್ಲಗ್ ವೈರುಗಳನ್ನೂ ಸಿಲಿಂಡರುಗಳು ಉರಿಯುವ 1-3-2ರ ಕ್ರಮದಲ್ಲಿ ಪರೀಕ್ಷಿಸಬೇಕು. ಸೆನ್ಸರ್ ಇರುವ ಕಾರಾದರೆ ಕನೆಕ್ಟರ್ ಕಳಚಿದೆಯೇ ನೋಡಿ. ಸ್ಕ್ಯಾನರಿನಲ್ಲಿ ಪಿ0016 ಎಂಬ ಕೋಡ್ ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಪರಸ್ಪರ ಹೊಂದುತ್ತಿಲ್ಲವೆಂದು ತಿಳಿಯಬೇಕು.

ಸದ್ದುಗಳೂ ಸುಳಿವು ಕೊಡುತ್ತವೆ. ವೇಗದೊಂದಿಗೆ ಏರುವ ಕೊರಗಿನಂಥ ಸ್ವರ ಬೆಲ್ಟ್ ಅತಿ ಬಿಗಿಯಾದುದರ, ಕವರಿಗೆ ಬಡಿಯುವ ಸದ್ದು ಅದು ಸಡಿಲವಾದುದರ ಲಕ್ಷಣ. ದಾರಿಗೆ ಅಡ್ಡವೆಂದು ಬಿಚ್ಚಿದ ಫ್ಯಾನ್ ಬೆಲ್ಟನ್ನು ಸಡಿಲ ಬಿಟ್ಟಿದ್ದರೆ ಚಾರ್ಜಿಂಗ್ ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ನೂ ಬಿಸಿಯೇರುತ್ತದೆ.

ಇಷ್ಟರಲ್ಲೂ ಪರಿಹಾರ ಸಿಗದಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಬೇಕೇ ಬೇಕು. ಅದರ ಮಾತು ಊಹೆಗಿಂತ ಮೇಲು. ಆಕ್ಸಿಲರೇಟರ್ ಪೂರ್ತಿ ಒತ್ತಿ ಮೂರೂ ಸಿಲಿಂಡರುಗಳನ್ನು ಅಳೆದಾಗ ಮೂರರಲ್ಲೂ ಸಮನಾಗಿ ಒತ್ತಡ ಕಡಿಮೆಯಿದ್ದರೆ ಹೆಚ್ಚಾಗಿ ತಪ್ಪಿರುವುದು ಬೆಲ್ಟಿನ ಲಯ. ಅದನ್ನು ಮನೆಯಲ್ಲೇ ಸರಿಪಡಿಸಬಹುದು. ಎರಡರಲ್ಲಿ ಸರಿಯಿದ್ದು ಒಂದರಲ್ಲಿ ಮಾತ್ರ ಕುಸಿದಿದ್ದರೆ, ಟ್ಯಾಪೆಟ್ ಬಿಗಿಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗಿನದು, ಅದು ಬೆಲ್ಟ್ ಕೆಲಸಕ್ಕೂ ಹಿಂದಿನದು. ಏರದಿದ್ದರೆ ವಾಲ್ವು ಬಾಗಿರುವ ಸಂಭವ ಹೆಚ್ಚು; ಆಗ ವಾಲ್ವುಗಳಿರುವ ಮೇಲ್ಭಾಗವನ್ನು, ಅಂದರೆ ಹೆಡ್ಡನ್ನು, ಇಳಿಸದೆ ಗತಿಯಿಲ್ಲ. ಇಳಿಸಿದ ಹೆಡ್ಡನ್ನು ಪ್ಲಗ್ ಸಮೇತ ತಲೆಕೆಳಗಾಗಿಟ್ಟು ಪ್ರತಿ ಕುಳಿಗೂ ಸೀಮೆಎಣ್ಣೆ ಸುರಿದರೆ, ಬಾಗಿದ ವಾಲ್ವಿರುವ ಕುಳಿ ಬೇಗನೆ ಬರಿದಾಗುತ್ತದೆ. ಮೆಕ್ಯಾನಿಕ್ಕಿಗೆ ಯಾವ ವಾಲ್ವನ್ನು ಬದಲಿಸಬೇಕೆಂದು ಅದರಿಂದಲೇ ತೋರಿಸಿಕೊಡಬಹುದು.

ನಮಸ್ಕಾರ.